ಆಣೆ ಹಾಕದವನ ಓಟು

ರಾಯಪುರಂ, ಮದರಾಸು
೪ ನವೆಂಬರ್ ೧೯೫೬

ಚಿ. ಸೌ. ಸರಸಳಿಗೆ, ಸಮುದ್ರದ ಈ ದಡದಿಂದ ಅಕ್ಕ ಸುಗುಣಾ ಹರಸುವುದು.

ಮೊನ್ನೆ ಗುರುವಾರದಿಂದ ನೀನು ಮೈಸೂರು ರಾಜ್ಯದವಳಂತೆ. ನಾವು ಮಾತ್ರ ಹಳೆಯ ಮದರಾಸಿನಲ್ಲೇ ಉಳಿದೆವು. ನಿನ್ನ ಭಾವ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಪೇಪರು ಓದುತ್ತ, “ಬುಧವಾರ ಊರವರಾಗಿ ಮಲಗಿದವರು ಗುರುವಾರ ಪರದೇಶಿಗಳಾಗಿ ಎದ್ದೆವು ಮಾರಾಯ್ತಿ” ಎಂದರು. ನಗುತ್ತಲೇ ಹೇಳಿದರು, ಆದರೆ ಆ ದಿನ ಕಾಫಿ ಕುಡಿಯಲಿಲ್ಲ.

ನಿನ್ನ ಯಜಮಾನರು ಆರೋಗ್ಯವಾಗಿದ್ದಾರೆ. ನಮ್ಮ ಹೋಟೆಲಿನಲ್ಲಿ ಈಗ ನಿನ್ನ ಭಾವ ಅವರನ್ನು ಬಡಿಸುವ ಕೆಲಸ ಬಿಡಿಸಿ ಮೇಲ್ವಿಚಾರಣೆಗೆ ಹಾಕಿದ್ದಾರೆ. ಬಂದರಿನ ಕೂಲಿಗಳು, ಮೀನುಗಾರರು ಎಲ್ಲರೂ “ವಿಸುವಣ್ಣೇ” ಎಂದು ವಿಶ್ವನಾಥನನ್ನೇ ಕೂಗುತ್ತಾರೆ. ಇಷ್ಟು ವರ್ಷವಾದರೂ ನನಗೆ ಬಾರದ ಇಲ್ಲಿನ ತಮಿಳು ವಿಶ್ವನಾಥನ ಬಾಯಲ್ಲಿ ನೀರಿನ ಹಾಗೆ ಹರಿಯುತ್ತದೆ.

ತಿರುವಲ್ಲಿಕ್ಕೇಣಿಯ ವಕೀಲರು ಬದರಿನಾಥ ಎನ್ನುವವರು ಬಂದಿದ್ದರು. ನಾಲ್ಕು ತಲೆಮಾರಿನಿಂದ ಇಲ್ಲಿಯವರು, ಮನೆಮಾತು ಕನ್ನಡ. ಅವರ ತಮಿಳು ಬೆರೆತ ಕನ್ನಡ ಕೇಳಿದರೆ ನಿನಗೆ ನಗು ಬಂದೀತು: “ನೋಡಿ ರಘುರಾಮ್, ಮೆಜಾರಿಟಿ ಅವಾಳ್ದು. ನಮ್ಮೋರೆಲ್ಲಾ ಒಂದೇ ಕಟ್ಟಾ ನಿಂತ್ರೆ ಯಾವ ಪಾರ್ಟಿಯೋರಾದ್ರೂ ಸರಿ, ನಮ್ಮ ಬಾಗ್ಲಿಗೆ ಬಂದುತಾನೆ ಆಗ್ಬೇಕು.” ಅವಾಳ್ ಎಂದರೆ ತಮಿಳರು. ನಿನ್ನ ಭಾವ ಅದನ್ನು ಬಹಳ ಗಮನವಿಟ್ಟು ಕೇಳಿದರು.

ನಿನ್ನ ಅಕ್ಕ
ಸುಗುಣಾ


ಕೋಟ
೨೦ ಡಿಸೆಂಬರ್ ೧೯೫೬

ಅಕ್ಕನಿಗೆ ಸರಸಳ ನಮಸ್ಕಾರ.

ಮೈಸೂರಾದರೂ ಬಾವಿಯ ಹಗ್ಗ ಅದೇ, ಅತ್ತೆಯ ದಮ್ಮೂ ಅದೇ. ರಾಜ್ಯ ಬದಲಾದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಒಂದೇ: ಅತ್ತೆ “ನನ್ನ ಮಗ ಬೇರೆ ರಾಜ್ಯದಲ್ಲಿದ್ದಾನೆ” ಎಂದು ಬಂದವರಿಗೆಲ್ಲ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಮಗಳು ತುಂಗಾಳಿಗೆ ಅಪ್ಪನ ಮುಖ ಸರಿಯಾಗಿ ನೆನಪಿಲ್ಲ. “ಬರುವ ವರ್ಷ ಕರೆಸಿಕೊಳ್ಳುತ್ತೇನೆ” ಎಂದು ಇವರು ಬರೆಯುತ್ತಲೇ ಇದ್ದಾರೆ.

ನಿಮ್ಮ ವಕೀಲರ ಮಾತು ನನಗೆ ಹಿಡಿಸಲಿಲ್ಲ. ಓಟು ಎಂದರೆ ಮದುವೆಮನೆಯ ಪಂಕ್ತಿಯೇನು, ಎಲ್ಲರೂ ಒಟ್ಟಿಗೆ ಕೂತು ಒಟ್ಟಿಗೆ ಏಳಲು? ಪಂಕ್ತಿಯಲ್ಲೂ ನಮ್ಮವರು ಯಾರ ಪಕ್ಕ ಯಾರು ಎಂದು ನೋಡದೆ ಕೂರುವುದಿಲ್ಲ. ಭಾವನಿಗೆ ಹೇಳು. ಹೇಳದಿದ್ದರೂ ಸರಿ.

ಸರಸ


ರಾಯಪುರಂ
೮ ಫೆಬ್ರುವರಿ ೧೯೫೯

ಪ್ರೀತಿಯ ಸರಸ,

ಒಂದು ಸಿಹಿ ಸುದ್ದಿ. ನಿನ್ನ ಭಾವ ಕಾರ್ಪೊರೇಷನ್ ಚುನಾವಣೆಗೆ ನಿಂತಿದ್ದಾರೆ! ಯಾವ ಪಕ್ಷವೂ ಅಲ್ಲ, ಸ್ವತಂತ್ರ. ಬದರಿನಾಥರೇ ಮುಂದೆ ನಿಂತು ಹೆಸರು ಕೊಡಿಸಿದರು. ನಮ್ಮ ವಾರ್ಡಿನಲ್ಲಿ ಹೋಟೆಲಿನವರು, ರೈಲ್ವೆಯವರು, ಬಂದರು ಕಚೇರಿಯ ಗುಮಾಸ್ತರು ಎಂದು ಕನ್ನಡದ ಮನೆಗಳು ಅಲ್ಲಲ್ಲಿ ಬೇಕಾದಷ್ಟಿವೆಯಂತೆ. ಉಳಿದವರ ಓಟು ಕಾಂಗ್ರೆಸ್ಸು, ದ್ರಾವಿಡ ಪಕ್ಷದವರ ಉದಯಸೂರ್ಯ ಎಂದು ಹಂಚಿಹೋದರೆ ನಮ್ಮವರ ಕಟ್ಟು ಗೆದ್ದೇಬಿಡುತ್ತದಂತೆ.

ವಿಶ್ವನಾಥನ ಓಡಾಟ ನೋಡಬೇಕು ನೀನು. ಬೆಳಗಿನ ತಿಂಡಿಯ ಗಲಾಟೆ ಮುಗಿದದ್ದೇ ಇವರನ್ನು ಕರೆದುಕೊಂಡು ಮೀನುಗಾರರ ಕೇರಿಗೆ ಹೊರಡುತ್ತಾನೆ. ಅಲ್ಲಿ ಇವರು ಕೈಮುಗಿದು ನಿಲ್ಲುತ್ತಾರೆ, ಮಾತೆಲ್ಲ ವಿಶ್ವನಾಥನದು. ನಮ್ಮ ಕಿಟ್ಟು ಜೊತೆಗೆ ಹೋಗಿ ಬಂದು, “ಅಮ್ಮಾ, ಎಲ್ಲಾರುಂ ಚಿತ್ತಪ್ಪಾವುಕ್ಕೇ ಪೋಡ್ರೋಂನ್ನಾಂಗ” ಎಂದ. ಎಲ್ಲರೂ ಚಿಕ್ಕಪ್ಪನಿಗೇ ಓಟು ಹಾಕುತ್ತೇವೆ ಅಂದರಂತೆ! ಈ ಹುಡುಗನ ಬಾಯಿಂದ ಕನ್ನಡ ಹೊರಡಿಸುವುದು ನನ್ನಿಂದಾಗಲಿಲ್ಲ. ಅವನ ಮಾತು ಕೇಳಿ ನಾನು ನಕ್ಕೆ. ಇವರು ನಗಲಿಲ್ಲ.

ಹೋಟೆಲ್ ಕಾರ್ಮಿಕರ ಯೂನಿಯನ್ ಎಂದು ಒಂದು ಶುರುವಾಗಿದೆ. ಅವರೂ ವಿಶ್ವನಾಥನ ಪರಿಚಯದವರೇ. ಅದರಿಂದ ಅನುಕೂಲವೇ ಆಗಬಹುದು.

ಸುಗುಣಾ


ಕೋಟ
೨ ಮಾರ್ಚ್ ೧೯೫೯

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಹಾಸಿಗೆಯಲ್ಲೇ ಎದ್ದು ಕೂತರು. ಮಗನೇ ಕೌನ್ಸಿಲರ್ ಆದನೆಂದು ಅವರು ತಿಳಿದುಕೊಂಡಿದ್ದಾರೆ. ನಾನು ತಿದ್ದಲಿಲ್ಲ.

ಭಾವ ಗೆದ್ದರೆ ಬಂದರಿನ ಹತ್ತಿರ ಒಂದು ಮನೆ ನೋಡಿ ನಮ್ಮನ್ನು ಕರೆಸಿಕೊಳ್ಳುವುದಾಗಿ ಇವರು ಬರೆದಿದ್ದಾರೆ. ಪಂಕ್ತಿಯ ಮಾತು ಹಿಂದೆ ಎಂದೋ ಆಡಿದ್ದೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಪಾತ್ರೆಗಳನ್ನು ಒಂದೊಂದಾಗಿ ಕಟ್ಟಿಡುತ್ತಿದ್ದೇನೆ.

ಸರಸ


ರಾಯಪುರಂ
೨೦ ಏಪ್ರಿಲ್ ೧೯೫೯

ಸರಸ,

ಸೋತರು. ಪೇಪರಿನಲ್ಲಿ ನೋಡಿರಬಹುದು, ಉದಯಸೂರ್ಯದವರೇ ಊರೆಲ್ಲ ಗೆದ್ದಿದ್ದಾರೆ. ಇವರಿಗೆ ಬಿದ್ದ ಓಟು ನಮ್ಮ ಕನ್ನಡದ ಮನೆಗಳ ಲೆಕ್ಕಕ್ಕೂ ಬರಲಿಲ್ಲ. ಮನೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ.

ವಿಶ್ವನಾಥ ಇಲ್ಲಿಯ ಕೆಲಸ ಬಿಟ್ಟು ಪಲ್ಲಾವರದಲ್ಲಿ ಬೇರೊಂದು ಹೋಟೆಲಿಗೆ ಹೋಗಿದ್ದಾನೆ. ಅಲ್ಲಿ ಅನುಕೂಲ ಹೆಚ್ಚು. ಸದ್ಯಕ್ಕೆ ಹೊರಡುವ ಯೋಚನೆ ಮಾಡಬೇಡ. ಅತ್ತೆಯ ಆರೋಗ್ಯ ನೋಡಿಕೋ.

ಸುಗುಣಾ


ಕೋಟ
೧೪ ಸೆಪ್ಟೆಂಬರ್ ೧೯೫೯

ಅಕ್ಕನಿಗೆ,

ಐದು ತಿಂಗಳಿಂದ ಇವರ ಕೈಬರಹ ಕಂಡಿಲ್ಲ. ಎರಡು ಸಲ ಮನಿಯಾರ್ಡರ್ ಬಂತು, ಕೂಪನ್ನಿನಲ್ಲಿ ಒಂದಕ್ಷರವಿಲ್ಲ. ಪಲ್ಲಾವರದ ಯಾವ ಹೋಟೆಲು, ಯಾವ ಬೀದಿ ಎಂದು ಕೇಳಿ ನಿನಗೆ ಮೂರು ಕಾಗದ ಬರೆದೆ. ನೀನು ಹಬ್ಬದ ವಿಷಯ ಬರೆಯುತ್ತೀ, ಕಿಟ್ಟುವಿನ ಪರೀಕ್ಷೆಯ ವಿಷಯ ಬರೆಯುತ್ತೀ.

ನಿಮ್ಮ ಅಡುಗೆಯ ಗುಂಡಣ್ಣ ಚೌತಿಗೆ ಊರಿಗೆ ಬಂದಿದ್ದ. ನನ್ನನ್ನು ಕಂಡು ದಾರಿ ತಪ್ಪಿಸಿದ. ಹಿಡಿದು ನಿಲ್ಲಿಸಿ ಕೇಳಿದರೆ, “ಬಂದರಿನ ಗೇಟಿನ ಹತ್ರ ಒಬ್ಳು ಹೆಂಗ್ಸಿನ ಚಾ ಅಂಗ್ಡಿ ಇತ್, ಅವ್ರ್ ಅಲ್ಲೇ ಇಪ್ಪುದ್ ಕಂಡಿದೆ. ನನ್ನತ್ರ ಬೇರೆಂತದೂ ಕೇಳ್ಬೇಡಿ ಸರಸಕ್ಕ” ಎಂದ. ಪಲ್ಲಾವರದಲ್ಲಿ ಕೆಲಸ ಮಾಡುವವರು ಬಂದರಿನ ಗೇಟಿನಲ್ಲಿ ಏಕಿದ್ದಾರೆ? ಆ ಹೆಂಗಸು ಯಾರು?

ಒಡಹುಟ್ಟಿದವಳು ಕೇಳುತ್ತಿದ್ದೇನೆ. ಹೇಳು.

ಸರಸ


ರಾಯಪುರಂ
೩ ಅಕ್ಟೋಬರ್ ೧೯೫೯

ಸರಸ,

ವಿಶ್ವನಾಥ ಕ್ಷೇಮವಾಗಿದ್ದಾನೆ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಉಳಿದದ್ದನ್ನು ಅವನೇ ಬರೆಯಬೇಕು. ಹೆಂಗಸಿನ ವಿಷಯ ನನ್ನನ್ನು ಕೇಳಬೇಡ.

ಸುಗುಣಾ


ಕೋಟ
೧೯ ಡಿಸೆಂಬರ್ ೧೯೫೯

ಸುಗುಣಕ್ಕನಿಗೆ,

ಕೇಳಬೇಡ ಎಂದೆ. ಕೇಳಲಿಲ್ಲ. ಅರ್ಥವಾಯಿತು.

ಅತ್ತೆ ಹೋದರು. ಹೋದ ದಿನವೇ ನಿಮ್ಮ ಹೋಟೆಲಿನ ವಿಳಾಸಕ್ಕೆ ತಾರು ಕೊಡಿಸಿದೆ. ಬೇರೆ ವಿಳಾಸ ನನ್ನಲ್ಲಿಲ್ಲವಲ್ಲ. ಹೆಣವನ್ನು ಅಂಗಳದಲ್ಲಿಟ್ಟುಕೊಂಡು ಮರುದಿನದ ಮಂಗಳೂರು ಬಸ್ಸಿನವರೆಗೂ ಕಾದೆವು. ಬಸ್ಸಿನಿಂದ ಯಾರೂ ಇಳಿಯಲಿಲ್ಲ. “ಒಬ್ಬನೇ ಮಗ ಎಲ್ಲಿ?” ಎಂದು ಪುರೋಹಿತರು ನನ್ನನ್ನು ಕೇಳಿದರು. ನಾನು ಕಂಬ ಹಿಡಿದು ನಿಂತಿದ್ದೆ. ಕೊನೆಗೆ ದಾಯಾದಿ ಮನೆಯ ಹುಡುಗ ಕೃಷ್ಣರಾಜ ಬೆಂಕಿ ಕೊಟ್ಟ. ಇವರು ಬಂದದ್ದು ಐದನೆಯ ದಿನ. ನಾನು ಮಾತಾಡಲಿಲ್ಲ, ಅವರೂ ಆಡಲಿಲ್ಲ. ಹದಿಮೂರು ಕಳೆದ ಮೇಲೆ ಹೊರಟುಹೋದರು. ಕೈಗಳೆರಡೂ ಬೊಬ್ಬೆ ಎದ್ದು ಒಡೆದಿದ್ದವು. ಅದೇಕೆಂದು ಕೇಳಲೂ ನನಗೆ ಮನಸ್ಸು ಬರಲಿಲ್ಲ.

ಇನ್ನು ನನಗೆ ಬರೆಯಬೇಡ.

ಸರಸ


ರಾಯಪುರಂ
೧೦ ಜನವರಿ ೧೯೬೦

ಸರಸ,

ಬರೆಯಬೇಡವೆಂದರೂ ಬರೆಯುತ್ತಿದ್ದೇನೆ. ಹರಿಯದೆ ಓದು. ನಿನ್ನ ಭಾವನಿಗೆ ತಿಳಿಯದ ಹಾಗೆ ಪಕ್ಕದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಪಲ್ಲಾವರ ಎಂದದ್ದು ಸುಳ್ಳು. ನಿನ್ನ ಗಂಡ ಬಂದರಿನಲ್ಲಿ ಮೂಟೆ ಹೊರುತ್ತಾನೆ. ಆ ಚಹಾ ಅಂಗಡಿಯ ಹೆಂಗಸಿಗೆ ನಮ್ಮಮ್ಮನ ವಯಸ್ಸು. ಕೂಲಿಗಳೆಲ್ಲ ಅಲ್ಲೇ ಊಟ ಮಾಡುತ್ತಾರೆ, ಇವನೂ ಮಾಡುತ್ತಾನೆ. ಅಷ್ಟೇ. ಹೆಂಗಸಿನ ವಿಷಯ ಕೇಳಬೇಡ ಎಂದದ್ದು, ಅಂಥದ್ದನ್ನು ನೀನು ನೆನೆಸಿದೆಯಲ್ಲ ಎಂಬ ಸಿಟ್ಟಿನಿಂದ. ನೀನು ಅದನ್ನು ಬೇರೆಯೇ ಓದಿಕೊಂಡೆ.

ಮತದಾನದ ಹಿಂದಿನ ದಿನ ಬದರಿನಾಥರು ಬಂದು, “ನಿಮ್ಮ ಹೋಟ್ಲು ಓಟೇ ಒಡೀತಾ ಇದೆ ರಘುರಾಮ್, ಯೂನಿಯನ್ನೋರು ನಿಮ್ಮ ಷಡ್ಡಕನ್ನೇ ವಳೈಚ್ಚು ಹಾಕ್ಕೊಂಡಿದಾರೆ” ಎಂದು ಕಿವಿಯೂದಿ ಹೋದರು. ಬಲೆಗೆ ಹಾಕಿಕೊಂಡಿದ್ದಾರೆ ಎಂದು. ತಿಂಡಿಯ ಗಿರಾಕಿಗಳು ಖಾಲಿಯಾಗುತ್ತಲೂ ಇವರು ಅರ್ಧ ಬಾಗಿಲು ಹಾಕಿಸಿ, ಬಡಿಸುವವರು, ಅಡುಗೆಯವರು, ಎಲೆ ಎತ್ತುವವರು ಎಲ್ಲರನ್ನೂ ಮಂಜುನಾಥಸ್ವಾಮಿಯ ಪಟದ ಮುಂದೆ ನಿಲ್ಲಿಸಿದರು. ದೀಪ ಮುಟ್ಟಿ ಆಣೆ ಹಾಕಬೇಕು, ಓಟು ಯಜಮಾನರಿಗೇ ಎಂದು. ನಾನು ಒಳಬಾಗಿಲಲ್ಲಿದ್ದೆ. ಗುಂಡಣ್ಣ ಹಾಕಿದ. ಪಾತ್ರೆಯ ಮೋನಪ್ಪ ಅಳುತ್ತ ಹಾಕಿದ. ಆ ಸ್ವಾಮಿಯ ಹೆಸರಿನಲ್ಲಿ ಸುಳ್ಳಾಣೆ ಹಾಕಿ ಉಳಿದವರಿಲ್ಲ ಎನ್ನುವ ಸೀಮೆಯಿಂದ ಬಂದವರು ನಾವು, ನಿನಗೆ ಬೇರೆ ಹೇಳಬೇಕೇ?

ವಿಶ್ವನಾಥನ ಸರದಿ ಬಂತು. ಅವನು ಕೈ ಹಿಂದಕ್ಕೆ ಕಟ್ಟಿ ನಿಂತ.

“ಅಣ್ಣಯ್ಯ, ನಿಮ್ಗೆ ಓಟ್ ಹಾಕಿ ಅಂತ ಕಂಡ ಕಂಡ ಮನೆ ಹತ್ತಿ ಇಳ್ದವ ನಾನು. ಆಣೆ ಹಾಕುಕೆ ಮಾತ್ರ ಆತಿಲ್ಲೆ.”

“ಓಟ್ ಹಾಕುವವ್ನಿಗೆ ಆಣೆ ಹಾಕುಕೆ ಎಂತ ಹೆದ್ರಿಕೆ?” ಎಂದರು ಇವರು.

“ಹೆದ್ರಿಕೆ ಅಲ್ಲ. ಸ್ವಾಮಿಯನ್ನ ಓಟಿಗೆ ಸಾಕ್ಷಿ ಮಾಡುಕಾಗ. ಈ ಮಕ್ಕಳತ್ರವೂ ಮಾಡಿಸ್ಬೇಡಿ. ನಾಳೆ ಅವ್ರ ಮನ್ಸು ಬದ್ಲಾದ್ರೆ ಅವ್ರು ಬದ್ಕುದ್ ಹ್ಯಾಂಗೆ?”

ಇವರ ಮುಖ ಕಪ್ಪಿಟ್ಟಿತು. “ಹಾಂಗಾರೆ ನೀನು ನಿನ್ನನ್ನ ಯೂನಿಯನ್ನಿಗೆ ಮಾರಿಕೊಂಡಿದ್ದಿ. ಹೊರಡು” ಎಂದರು. ಅವನು ಉಟ್ಟ ಬಟ್ಟೆಯಲ್ಲೇ ಹೊರಟ. ಸೋತ ಮೇಲೆ ಇವರು ಊರಿನ ನಮ್ಮವರ ಹೋಟೆಲುಗಳಿಗೆಲ್ಲ ಹೇಳಿಕಳಿಸಿದರು, ಅವನನ್ನು ಯಾರೂ ಇಟ್ಟುಕೊಳ್ಳಬಾರದೆಂದು. ಯಾರೂ ಇಟ್ಟುಕೊಳ್ಳಲಿಲ್ಲ. ಒಂದು ದಿನ ಬಂದರಿನ ರಸ್ತೆಯಲ್ಲಿ ನನ್ನೆದುರೇ ಮೂಟೆ ಇಳಿಸಿ ನಿಂತು, “ಅತ್ತಿಗೆ, ಸರಸನಿಗೆ ಬರೀಬೇಡಿ. ಬೇರೆ ದಾರಿ ಆದ್ಮೇಲೆ ನಾನೇ ಬರೀತೆ” ಎಂದ. ಅವನ ಮಾತಿಗೂ ಕಟ್ಟುಬಿದ್ದೆ, ಇವರ ಸಿಟ್ಟಿಗೂ ಹೆದರಿದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಬೇಡ.

ಅಷ್ಟಕ್ಕೂ ಇವರನ್ನು ಸೋಲಿಸಿದ್ದು ಹೋಟೆಲಿನ ಹುಡುಗರಲ್ಲ. ಬಂದರು ಕಚೇರಿಯ ಗುಮಾಸ್ತರ ಹೆಂಡತಿ ಜಾನಕಮ್ಮ ನನಗೆ ನೇರವಾಗಿಯೇ ಹೇಳಿದರು: “ತಪ್ಪಾ ಎಡ್ತುಕ್ಕಬೇಡಿ ಸುಗುಣಾ. ನಿಮ್ಮ ಹೋಟ್ಲು ಇಡ್ಲಿ ನಮ್ಮನೇಲಿ ಎಲ್ಲಾರ್ಗೂ ರೊಂಬ ಇಷ್ಟ. ಆದ್ರೆ ಕೌನ್ಸಿಲರ್ ಅಂದ್ರೆ ಓದಿದೋರು ಆಗ್ಬೇಕಲ್ವಾ? ಟೇಬಲ್ ಒರೆಸೋರು ಪೋಯಿ ಕಾರ್ಪೊರೇಷನ್ನಲ್ಲಿ ಕೂತ್ಕೊಂಡ್ರೆ ನಮ್ಗೇ ಒಂದು ಮಾದ್ರಿ ಇರತ್ತೆ.” ಒಂದು ಮಾದ್ರಿ ಎಂದರೆ ಮುಜುಗರವಂತೆ. ಆ ಗುಮಾಸ್ತರ ಕಡೆಯ ಕನ್ನಡದ ಮನೆಗಳೆಲ್ಲ ಓಟು ಹಾಕಿದ್ದು ಚುನಾವಣೆಗೆ ನಿಂತಿದ್ದ ಒಬ್ಬ ತಮಿಳು ಡಾಕ್ಟರರಿಗೆ. ಇದನ್ನು ಇವರಿಗೆ ಹೇಳಿ ನೋಡಿದೆ. “ನಮ್ಮವರು ಹಾಗೆ ಮಾಡುವುದಿಲ್ಲ” ಎಂದು ಎದ್ದುಹೋದರು.

ಇನ್ನು ಆ ತಾರು. ಅದು ಬಂದಾಗ ಗಲ್ಲಾದಲ್ಲಿ ಇವರೇ ಇದ್ದರು. ಓದಿ ಕಿಸೆಗೆ ಹಾಕಿಕೊಂಡರು. ಮರುದಿನ ಅಂಗಿ ಒಗೆಯಲು ಹಾಕುವಾಗ ನನ್ನ ಕೈಗೆ ಸಿಕ್ಕಿತು. ಮೋನಪ್ಪನನ್ನು ಬಂದರಿಗೆ ಓಡಿಸಿದೆ. ವಿಶ್ವನಾಥ ದೂರ ನಿಂತ ಹಡಗಿನ ಮೇಲಿದ್ದ, ಇಳಿದದ್ದು ಅದರ ಮಾರನೆಯ ದಿನ. ನನ್ನ ಬಳಿ ಬರೆಯಲು ಇನ್ನೇನೂ ಉಳಿದಿಲ್ಲ.

ಸುಗುಣಾ


ಅಂಬತ್ತೂರು
೭ ಜುಲೈ ೧೯೬೦

ಸುಗುಣಕ್ಕನಿಗೆ,

ಮೇಲಿನ ವಿಳಾಸ ನೋಡಿ ಬೆಚ್ಚಬೇಡ. ಮನೆಗೆ ಬೀಗ ಹಾಕಿ ತುಂಗಾಳನ್ನು ಕರೆದುಕೊಂಡು ಬಂದು ಎರಡು ತಿಂಗಳಾಯಿತು. ರೈಲಿನಿಂದಿಳಿದು ನೇರ ಬಂದರಿನ ಗೇಟಿಗೇ ಹೋದೆ. ಚಹಾ ಅಂಗಡಿಯ ಮುದುಕಿ ನನ್ನನ್ನು ನೋಡಿದವಳೇ “ವಿಸು ಪೊಂಡಾಟ್ಟಿಯಾ?” ಎಂದು ಕೈಹಿಡಿದು ಕೂರಿಸಿದಳು. ಇವರ ಹೆಂಡತಿ ಎಂದು ಹೇಗೆ ಗೊತ್ತಾಯಿತೋ. ಇವರು ಬೆನ್ನು ಬಗ್ಗಿಸಿಕೊಂಡು ಬರುವುದನ್ನು ದೂರದಿಂದಲೇ ಕಂಡೆ. ಅಲ್ಲಿಂದ ನಿಮ್ಮ ಹೋಟೆಲಿನ ಹೊಗೆಕೊಳವೆ ಕಾಣುತ್ತದೆ. ವರ್ಷವಿಡೀ ನೀನು ಅದರ ಕೆಳಗೆ ಇಡ್ಲಿ ತಿಂದುಕೊಂಡಿದ್ದೆ.

ಇಲ್ಲಿ ಕಾರ್ಖಾನೆಗಳು ಏಳುತ್ತಿವೆ. ಒಂದು ಕೋಣೆ ಹಿಡಿದಿದ್ದೇವೆ. ನಾನು ಅಡುಗೆ ಮಾಡುತ್ತೇನೆ, ಇವರು ಕಾರ್ಖಾನೆಯವರಿಗೆ ಬಡಿಸುತ್ತಾರೆ. ಬರುವವರಲ್ಲಿ ನಮ್ಮವರು ಯಾರೂ ಇಲ್ಲ. ನೆಮ್ಮದಿಯಾಗಿದೆ.

ವಿಳಾಸ ತಿಳಿಸಿದ್ದು ಬರಲಿ ಎಂದಲ್ಲ. ತಾರು ಕಳಿಸುವ ಪ್ರಸಂಗ ಬಂದರೆ ಇರಲಿ ಎಂದು.

ಸರಸ


ರಾಯಪುರಂ
೨೧ ಫೆಬ್ರುವರಿ ೧೯೬೫

ಸರಸ,

ಪ್ರತಿ ವರ್ಷ ಬರೆಯುತ್ತೇನೆ, ನೀನು ಉತ್ತರಿಸುವುದಿಲ್ಲ. ಈಗಿನ ಗಲಾಟೆಯಲ್ಲಿ ನೀವು ಹೇಗಿದ್ದೀರೋ ತಿಳಿಯದೆ ಮನಸ್ಸು ತಡೆಯಲಿಲ್ಲ.

ಹಿಂದಿ ವಿರೋಧದ ಹುಡುಗರು ನಮ್ಮ ಬೀದಿಗೂ ಬಂದರು. ನಮ್ಮ ಬೋರ್ಡಿನಲ್ಲಿ ನಾಲ್ಕು ಲಿಪಿಗಳಿದ್ದವಲ್ಲ, ಏಣಿ ಹಾಕಿ ಹಿಂದಿಯ ಮೇಲೆ ಡಾಂಬರು ಬಳಿದರು. ಒಬ್ಬ ಕನ್ನಡದ ಸಾಲು ತೋರಿಸಿ ಇದೂ ಹಿಂದಿಯೋ ಎಂದು, “ಇದುವುಂ ಇಂದಿಯಾ?” ಎಂದ. ಮೋನಪ್ಪ ಮುಂದೆ ಹೋಗಿ “ಇಲ್ಲೆ ತಂಬಿ, ಇದು ಎಂಗ ಕನ್ನಡಂ” ಎಂದ. “ಅಪ್ಪೊ ಇರುಕ್ಕಟ್ಟುಂ”, ಹಾಗಾದರೆ ಇರಲಿ, ಎಂದು ಅದನ್ನು ಹಾಗೆಯೇ ಬಿಟ್ಟು ಇಳಿದು ಹೋದರು. ಆ ಗುಂಪಿನಲ್ಲಿ ನಮ್ಮ ಕಿಟ್ಟುವೂ ಇದ್ದ. ಕಾಲೇಜಿನಿಂದ ನೇರ ಅವರ ಜೊತೆ ಬಂದಿದ್ದ. ಅಪ್ಪನ ಮುಖ ನೋಡಲಿಲ್ಲ.

ಅವರು ಹೋದ ಮೇಲೆ ನಿನ್ನ ಭಾವ ಉಳಿದ ಡಾಂಬರಿನ ಡಬ್ಬ ತರಿಸಿದರು. ತಾವೇ ಏಣಿ ಹತ್ತಿ ಕನ್ನಡದ ಸಾಲನ್ನೂ ಬಳಿದುಬಿಟ್ಟರು. “ಯಾರೂ ಹೇಳಲಿಲ್ಲವಲ್ಲ, ಎಂತಕ್ಕೆ?” ಎಂದೆ. “ನಾಳೆ ಹೇಳಿಯಾರು” ಎಂದರು. ಒಂದು ಕಾಲಕ್ಕೆ ಆ ಅಕ್ಷರದ ಬಲದಿಂದ ವಾರ್ಡು ಗೆಲ್ಲುತ್ತೇನೆಂದು ಹೊರಟವರು. ಇಳಿಯುವಾಗ ಏಣಿಯನ್ನು ನಾನೇ ಹಿಡಿದುಕೊಂಡೆ.

ಸುಗುಣಾ


ಅಂಬತ್ತೂರು
೧ ಮಾರ್ಚ್ ೧೯೬೫

ಕ್ಷೇಮ. ಇಲ್ಲಿ ಬೋರ್ಡೇ ಇಲ್ಲ.

ಸರಸ


ಅಂಬತ್ತೂರು
೨೬ ಫೆಬ್ರುವರಿ ೧೯೬೭

ಸುಗುಣಕ್ಕನಿಗೆ,

ಈ ವಿಷಯ ನಿನಗೆ ಗೊತ್ತಿದೆಯೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ಓಟಿನ ದಿನ ಮಧ್ಯಾಹ್ನ ಭಾವ ಇಲ್ಲಿಗೆ ಬಂದಿದ್ದರು.

ಅದಕ್ಕೆ ಒಂದು ವಾರ ಮೊದಲು ನಿಮ್ಮ ಬದರಿನಾಥರು ಬಂದಿದ್ದರು, ಈಗ ಉದಯಸೂರ್ಯದವರ ಕಪ್ಪು ಕೆಂಪು ಅಂಚಿನ ಪಂಚೆ. “ವಿಶ್ವನಾಥ್, ಇಲ್ಲಿ ನಮ್ಮೋರು ಎಷ್ಟು ಮನೆ ಇದಾರೆ? ಒಂದು ಕಟ್ಟಾ ಕೊಡಿಸಿದ್ರೆ ಗವರ್ನಮೆಂಟು ನಿಮ್ಮನ್ನ ಮರೆಯಲ್ಲ” ಎಂದರು. ಇವರು ಅವರಿಗೆ ಕಾಫಿ ಕೊಟ್ಟು, “ನಮ್ಮೋರು ಅಂದ್ರೆ ಯಾರು ಸಾರ್?” ಎಂದರು. ವಕೀಲರು ಕಾಫಿ ಮುಗಿಸಿ ಎದ್ದರು.

ಭಾವ ಬಂದದ್ದು ಊಟದ ಗದ್ದಲ ಇಳಿದ ಮೇಲೆ. ನಾನು ಗುರುತೇ ಹಿಡಿಯಲಿಲ್ಲ, ಅಷ್ಟು ಬಡವಾಗಿದ್ದಾರೆ. ಗಿರಾಕಿಯ ಹಾಗೆ ಮೂಲೆಯ ಬೆಂಚಿನಲ್ಲಿ ಕೂತರು. ಇವರು ಎಲೆ ಹಾಕಿ ತಾವೇ ಬಡಿಸಿದರು. ನಾನು ಒಳಗೇ ನಿಂತೆ. ಭಾವ ಮಜ್ಜಿಗೆಯವರೆಗೂ ಉಂಡರು. ಆಮೇಲೆ ತಲೆಯೆತ್ತದೆ ಕೇಳಿದರು:

“ವಿಶ್ವನಾಥ, ಆ ಸಲ, ಆಣೆಯ ಮರುದಿನ, ನೀನು ಓಟಿಗೆ ಹೋದ್ಯಾ?”

“ಹೋಯಿದೆ.”

“ಯಾರಿಗೆ ಹಾಕಿದೆ?”

ಇವರು ಮಜ್ಜಿಗೆಯ ಚೊಂಬು ಹಿಡಿದುಕೊಂಡೇ ನಿಂತರು. “ಅದನ್ನ ಹೇಳುವವ ಆಗಿದ್ರೆ ಅವತ್ತೇ ಆಣೆ ಹಾಕ್ತಿದ್ದೆ ಅಣ್ಣಯ್ಯ. ಇನ್ನೂ ಸ್ವಲ್ಪ ಮಜ್ಜಿಗೆ ಹಾಕ್ಲಾ?”

ಭಾವ ಸಾಕೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಆಮೇಲೆ ಎದ್ದು ಕೈತೊಳೆದು ಹೊರಟರು. ಇವರು ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದರು. ಅವತ್ತು ಯಾರಿಗೆ ಹಾಕಿದ್ದು ಎಂದು ನಾನೂ ಕೇಳಿದೆ. ನನಗೂ ಹೇಳಲಿಲ್ಲ.

ನೀವು ಸಮಾಧಾನವಾಯಿತೆಂದು ತಿಳಿದುಕೊಂಡೀರಿ ಎಂದು ಇದನ್ನು ಬರೆಯುತ್ತಿದ್ದೇನೆ. ಇವರಿಗೆ ಆಗಿರಬಹುದು. ನನಗೆ ಆಗಿಲ್ಲ. ಹಳೆಯ ಓಟಿನ ವಿಷಯ ಕೇಳಲು ಅಷ್ಟು ದೂರ ಬಸ್ಸು ಹತ್ತಿ ಬಂದವರಿಗೆ, ಅತ್ತೆಯ ತಾರಿನ ವಿಷಯ ಹೇಳಲು ಬಾಯಿ ಬರಲಿಲ್ಲ. ನಾನು ಬಾಗಿಲ ಹಿಂದೆ ಅದೊಂದಕ್ಕೇ ಕಾಯುತ್ತಿದ್ದೆ.

ಸರಸ


ರಾಯಪುರಂ
೫ ಮಾರ್ಚ್ ೧೯೬೭

ಸರಸ,

ನೀನು ಬರೆಯುವವರೆಗೂ ನನಗೆ ಗೊತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಹುಡುಗರು ಓಟಿಗೆ ಹೊರಟು ನಿಂತಾಗ ನಾನು ಒಳಬಾಗಿಲಿಗೆ ಬಂದು ನಿಂತೆ, ಮತ್ತೆ ದೀಪ ಹಚ್ಚಿಸುತ್ತಾರೋ ಎಂದು. ಇವರು “ಬೇಗ ಹೋಗಿ ಬನ್ನಿ, ಬಿಸಿಲಾಗ್ತದೆ” ಎಂದಷ್ಟೇ ಅಂದರು. ಆಮೇಲೆ ತಾವೂ ಹೋದರು, ಬರುವಾಗ ಸಂಜೆಯಾಗಿತ್ತು. ಎಲ್ಲಿಗೆ ಎಂದು ಕೇಳಿದರೆ ಗಲ್ಲಾದಲ್ಲಿ ಹೋಗಿ ಕೂತರು.

ನಿನ್ನ ಕಾಗದವನ್ನು ಇವರ ಮುಂದೆ ಕೂತು ಪೂರ್ತಿ ಓದಿದೆ. ಕೊನೆಯ ಸಾಲನ್ನೂ ಬಿಡಲಿಲ್ಲ. ಇವರು ಕಿಟಕಿಯ ಕಡೆ ತಿರುಗಿಕೊಂಡರು.

“ತಾರಿನ ವಿಷಯ ಹೇಳುಕೇ ಹೋದದ್ದು ಸುಗುಣಾ. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಕಟ್ಟಿಕೊಂಡು ಹೋಯಿದೆ. ಅವ ಎಲೆ ಹಾಕಿ ಎದುರು ನಿಂತ, ಬಾಯಿಗೆ ಬಂದದ್ದು ಓಟು.”

ಇನ್ನೊಮ್ಮೆ ಅಷ್ಟು ದೂರ ಹೋಗುವ ಶಕ್ತಿ ಇವರಿಗಿಲ್ಲ. ಇದ್ದರೂ ಹೇಳಿಯಾರೆಂದು ನನಗೆ ನಂಬಿಕೆಯಿಲ್ಲ.

ನನಗೆ ಕಾಲು ಗಟ್ಟಿಯಾಗಿದೆ. ಬರುವ ಭಾನುವಾರ ನಾನೊಬ್ಬಳೇ ಬರುತ್ತೇನೆ. ಬಾಗಿಲು ತೆರೆಯುತ್ತೀಯೋ ಇಲ್ಲವೋ ಎಂದು ಬರೆದು ತಿಳಿಸಬೇಡ. ಬಂದೇ ನೋಡುತ್ತೇನೆ.

ಸುಗುಣಾ